ಒಂಟೆಯ ಕೂದಲಿಗೆ ಬೆಲೆ ಕಟ್ಟುವ ಬಗೆ



ಕೈಕಸುಬು ಮತ್ತು ಅದರ ಮಾರಾಟದ ಬಗ್ಗೆ ವರ್ಷಕ್ಕೊಂದು ಉಪನ್ಯಾಸ ನಡೆಯಬೇಕು ಎಂಬುದು ಈ ದತ್ತಿ ಇಟ್ಟವರ ಆಸೆ. ಸಂಘಟಕರು ನನ್ನಿಂದ ಕಂಬಳಿಯ ಮಾತನ್ನು ನಿರೀಕ್ಷಿಸಿದ್ದರು. ಕಂಬಳಿಯನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ಸಭೆಯಲ್ಲೇ ನಾಲ್ಕಾರು ಜನ ಕೂತಿದ್ದಾರೆ. ಅವರೆದುರು ಕುರಿಯ ಬಗ್ಗೆ ಬಾಯಿ ಬಿಡುವ ಧೈರ್ಯ ನನಗಿಲ್ಲದ ಕಾರಣ ಒಂಟೆಯನ್ನು ಆರಿಸಿಕೊಂಡೆ. ನಮ್ಮ ಕಡೆ ಒಂಟೆ ಎಂದರೆ ಮೈಸೂರು ದಸರಾ ಮೆರವಣಿಗೆಯಲ್ಲಿ ಸಾಗುವ ಪ್ರಾಣಿ, ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಆನೆ ಕುದುರೆಗಳ ಜೊತೆ ಕೆತ್ತಿದ ಪ್ರಾಣಿ, ಕಡಲ ತೀರದಲ್ಲಿ ಮಕ್ಕಳನ್ನು ಹತ್ತಿಸಿ ಫೋಟೊ ತೆಗೆಸುವ ಪ್ರಾಣಿ. ಅದರ ಮೈಮೇಲೆ ಕತ್ತರಿಸಿ ನೂಲಬಹುದಾದ ಕೂದಲಿದೆ ಎನ್ನುವುದು ನಮ್ಮ ಗಮನಕ್ಕೆ ಬಂದದ್ದು ಕಡಿಮೆ.

ನಾನು ಕೈಮಗ್ಗದ ಸರಕನ್ನು ಮೇಳಗಳಲ್ಲಿ ಇಟ್ಟು ಮಾರುವವನು. ‘ಒಂಟೆ ಉಣ್ಣೆ’ ಎಂದು ಬರೆದ ಚೀಟಿಯನ್ನು ಒಂದು ಹಾಸಿನ ಮೇಲೆ ಅಂಟಿಸಿ ಕೂತರೆ, ಬೆಂಗಳೂರಾದರೂ ಸರಿ ಧಾರವಾಡವಾದರೂ ಸರಿ, ಗಿರಾಕಿಗಳು ಕೇಳುವುದು ಮೂರು ಪ್ರಶ್ನೆ. ಚುಚ್ಚುತ್ತದೆಯೇ? ಇಷ್ಟೊಂದು ಬೆಲೆ ಏಕೆ? ಇದಕ್ಕಾಗಿ ಒಂಟೆಯನ್ನು ಕೊಲ್ಲುತ್ತಾರೆಯೇ? ಮೂರಕ್ಕೂ ಉತ್ತರವಿದೆ. ಆದರೆ ನಮ್ಮಂಥ ವ್ಯಾಪಾರಿಗಳು ಇವನ್ನೆಲ್ಲ ಬದಿಗೊತ್ತಿ, ‘ಇದನ್ನು ಕೊಂಡರೆ ಒಂಟೆ ಉಳಿಯುತ್ತದೆ’ ಎಂಬ ಒಂದೇ ಮಾತಿನಲ್ಲಿ ಸರಕು ದಾಟಿಸಿಬಿಡುತ್ತೇವೆ. ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕಿದರೆ ಆ ಮಾತು ನಿಲ್ಲುವುದಿಲ್ಲ. ನಿಲ್ಲದ ಆ ಮಾತನ್ನು ಬಿಟ್ಟು ಈ ಬಟ್ಟೆಯನ್ನು ಹೇಗೆ ಮಾರಬಹುದು ಎನ್ನುವುದೇ ಈ ಹೊತ್ತಿನ ನನ್ನ ವಿಷಯ.

ಮೊದಲು ಪ್ರಾಣಿಯ ಕಡೆ ಬರೋಣ. ಒಂಟೆಯ ಡುಬ್ಬದಲ್ಲಿ ನೀರಿದೆ ಎಂದು ಶಾಲೆಯಲ್ಲಿ ಕಲಿತವರು ಇನ್ನೂ ಇದ್ದಾರೆ. ಅಲ್ಲಿರುವುದು ಕೊಬ್ಬು. ಮೈಯ ಕೊಬ್ಬನ್ನೆಲ್ಲ ಒಂದೇ ಕಡೆ ಗುಡ್ಡೆ ಹಾಕಿಕೊಂಡದ್ದರಿಂದ ಮಿಕ್ಕ ಮೈ ಬಿಸಿಯನ್ನು ಸಲೀಸಾಗಿ ಹೊರಗೆ ಬಿಡುತ್ತದೆ. ನಮಗೆ ಮೈಬಿಸಿ ಎರಡು ಡಿಗ್ರಿ ಏರಿದರೆ ಹಾಸಿಗೆ ಹಿಡಿಯುತ್ತೇವೆ. ಬಾಯಾರಿದ ಒಂಟೆಯ ಮೈಬಿಸಿ ಬೆಳಗಿನ ಜಾವ 34 ಡಿಗ್ರಿಯ ಹತ್ತಿರ ಇದ್ದು, ಮಧ್ಯಾಹ್ನಕ್ಕೆ 40 ದಾಟುತ್ತದೆ. ಅದಕ್ಕೆ ಅದು ಜ್ವರವಲ್ಲ. ಬೆವರಿ ನೀರು ಕಳೆದುಕೊಳ್ಳುವ ಬದಲು ಹಗಲಿನ ಬಿಸಿಯನ್ನು ಮೈಯಲ್ಲೇ ಕೂಡಿಟ್ಟುಕೊಂಡು ರಾತ್ರಿ ಬಿಟ್ಟುಬಿಡುತ್ತದೆ. ನೀರು ಸಿಕ್ಕಾಗ ಹತ್ತು ನಿಮಿಷದಲ್ಲಿ ನೂರು ಲೀಟರಿನಷ್ಟು ಕುಡಿಯಬಲ್ಲದು. ಬೇರೆ ಪ್ರಾಣಿ ಹೀಗೆ ಒಮ್ಮೆಲೇ ಕುಡಿದರೆ ರಕ್ತಕಣಗಳು ಊದಿ ಒಡೆಯುತ್ತವೆ. ಒಂಟೆಯ ಕೆಂಪು ರಕ್ತಕಣ ದುಂಡಗಿಲ್ಲ, ಮೊಟ್ಟೆಯಾಕಾರದ್ದು, ಊದಿಕೊಂಡರೂ ತಾಳುತ್ತದೆ.

ಇಲ್ಲಿ ಕೂದಲಿನ ಪಾತ್ರವೇನು? 1950ರ ದಶಕದಲ್ಲಿ ಕ್ನುಟ್ ಶ್ಮಿಟ್-ನೀಲ್ಸನ್ ಎಂಬ ಶರೀರವಿಜ್ಞಾನಿ ಸಹಾರಾದ ಅಂಚಿನಲ್ಲಿ, ಅಲ್ಜೀರಿಯಾದ ಬೆನಿ ಅಬ್ಬೆಸ್ ಎಂಬಲ್ಲಿ, ಒಂಟೆಗಳನ್ನು ಕಟ್ಟಿಕೊಂಡು ಕೂತು ಇದನ್ನು ಅಳೆದರು. ಕೂದಲು ಕತ್ತರಿಸಿದ ಒಂಟೆ ಬಿಸಿಲಲ್ಲಿ, ಕತ್ತರಿಸದ ಒಂಟೆಗಿಂತ ಸುಮಾರು ಅರ್ಧದಷ್ಟು ಹೆಚ್ಚು ನೀರನ್ನು ಬೆವರಾಗಿ ಕಳೆದುಕೊಂಡಿತು. ನಾವು ಚಳಿಗೆ ಹೊದೆಯುವುದನ್ನು ಒಂಟೆ ಬಿಸಿಲಿಗೂ ಹೊದೆಯುತ್ತದೆ. ಹೊಲದ ಬಿಸಿಲಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ನಡೆಯುವ ನಮ್ಮ ಕುರಿಗಾಹಿಗೆ ಈ ಸಂಶೋಧನೆಯಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ.

ಹಾಗಾದರೆ ಕತ್ತರಿಸುವುದು ಒಂಟೆಗೆ ಹಾನಿಯೇ? ಕಾಲ ನೋಡಿ ಕತ್ತರಿಸಿದರೆ ಅಲ್ಲ. ಚಳಿಗಾಲಕ್ಕೆ ದಟ್ಟವಾಗಿ ಬೆಳೆದ ಕೂದಲು ಹೋಳಿಯ ಹೊತ್ತಿಗೆ ತಾನಾಗಿ ಉದುರತೊಡಗುತ್ತದೆ. ಉದುರಿ ಜಾಲಿ ಮುಳ್ಳಿಗೆ ಸಿಕ್ಕಿ ಹಾಳಾಗುವ ಮುನ್ನ ಸಾಕುವವರು ಕತ್ತರಿಸುತ್ತಾರೆ. ಮರುಭೂಮಿಯ ಒಂಟೆಗೆ ದೊಡ್ಡ ಶತ್ರು ಕಜ್ಜಿ. ಕೂದಲು ತೆಗೆದ ಚರ್ಮಕ್ಕೆ ತಾರಾಮೀರಾ ಎಂಬ ಸಾಸಿವೆ ಜಾತಿಯ ಗಿಡದ ಎಣ್ಣೆ ಹಚ್ಚಿದರೆ ಅದು ಹತೋಟಿಗೆ ಬರುತ್ತದೆ. ಕೊಲ್ಲುವ ಪ್ರಶ್ನೆಯೇ ಇಲ್ಲ. ಗಿರಾಕಿಯ ಮೂರನೆಯ ಪ್ರಶ್ನೆಗೆ ಇಷ್ಟು ಸಾಕು, ಆದರೆ ಅದರ ಬಾಲ ಉದ್ದವಿದೆ. ಮುಂದೆ ಅಲ್ಲಿಗೇ ಬರುತ್ತೇನೆ.

ರಾಜಸ್ಥಾನದಲ್ಲಿ ಒಂಟೆ ಸಾಕುವವರು ರಾಯ್ಕಾ ಅಥವಾ ರೇಬಾರಿಗಳು. ಕಚ್ಛದಲ್ಲಿ ರಬಾರಿಗಳು ಮತ್ತು ಫಕೀರಾಣಿ ಜತ್ ಮುಸ್ಲಿಮರು. ಪಾರ್ವತಿ ಮಣ್ಣಿನಲ್ಲಿ ಒಂದು ವಿಚಿತ್ರ ಪ್ರಾಣಿಯನ್ನು ಮಾಡಿದಳು, ಶಿವ ಅದಕ್ಕೆ ಜೀವ ಕೊಟ್ಟ, ಅದರ ಕಾಟ ತಡೆಯಲಾರದೆ ಅದನ್ನು ಕಾಯಲೆಂದು ಒಬ್ಬ ಮನುಷ್ಯನನ್ನೂ ಹುಟ್ಟಿಸಿದ, ಅವನೇ ಮೊದಲ ರಾಯ್ಕಾ ಎಂಬುದು ಅವರ ಕಥೆ. ಮೊದಲು ಹುಟ್ಟಿದ್ದು ಒಂಟೆ, ಅದನ್ನು ನೋಡಿಕೊಳ್ಳಲು ಮನುಷ್ಯ. ಅವರ ಇನ್ನೊಂದು ದೊಡ್ಡ ಕಥನ ಪಾಬೂಜಿಯದು. ಮದುವೆಯಲ್ಲಿ ಅಣ್ಣನ ಮಗಳಿಗೆ ಕೊಟ್ಟ ಮಾತಿನಂತೆ ಲಂಕೆಯಿಂದ ಒಂಟೆಗಳನ್ನು ಹೊಡೆದು ತಂದ ವೀರ ಪಾಬೂಜಿ. ಮಾರುದ್ದದ ಚಿತ್ರಪಟವನ್ನು ರಾತ್ರಿ ಹರಡಿ, ದೀಪ ಹಿಡಿದು, ರಾವಣಹತ್ಥ ನುಡಿಸುತ್ತ ಭೋಪಾಗಳು ಇದನ್ನು ಹಾಡುತ್ತಾರೆ. ನಮ್ಮ ಕಾಡುಗೊಲ್ಲರ ಜುಂಜಪ್ಪನ ಕಾವ್ಯ ಕೇಳಿದವರಿಗೆ ಈ ಲೋಕ ಅಪರಿಚಿತವೆನಿಸದು. ಪಶು ಕಾಯುವವರ ದೇವರು ಎಲ್ಲ ಕಡೆಯೂ ಮೊದಲು ಪಶು ಕಾದವನೇ.

ರಾಯ್ಕಾಗಳಲ್ಲಿ ಹೆಣ್ಣು ಒಂಟೆಯನ್ನು ಹೊರಗಿನವರಿಗೆ ಮಾರುವಂತಿರಲಿಲ್ಲ, ಮಾಂಸ ತಿನ್ನುವಂತಿರಲಿಲ್ಲ, ಹಾಲು ಮಾರುವುದು ಮಗನನ್ನು ಮಾರಿದಂತೆ ಎಂಬ ನಂಬಿಕೆ ಇತ್ತು. ಹಾಲು ಕುಡಿಯಲಿಕ್ಕೆ, ಹಂಚಲಿಕ್ಕೆ. ಸಂತೆಗೆ ಹೋಗುತ್ತಿದ್ದುದು ಗಂಡು ಒಂಟೆ ಮಾತ್ರ: ಗಾಡಿಗೆ, ಉಳುಮೆಗೆ, ಸವಾರಿಗೆ, ಸೈನ್ಯಕ್ಕೆ. ಕಾರ್ತಿಕ ಹುಣ್ಣಿಮೆಯ ಪುಷ್ಕರ ಜಾತ್ರೆ ಬೆಳೆದದ್ದು ಆ ವ್ಯಾಪಾರದ ಮೇಲೆ. ಕೂದಲು ಮನೆಯ ಬಳಕೆಯದು: ಹಗ್ಗ, ಹಾಸು, ಧಾನ್ಯದ ಚೀಲ, ಒಂಟೆಯ ಮೇಲೇ ಹಾಕುವ ಜೀನು-ಪಟ್ಟಿಗಳು. ಒಂಟೆಯಿಂದ ಬಂದ ಕೂದಲು ಬಹುಪಾಲು ಒಂಟೆಯ ಮೈಮೇಲಕ್ಕೇ ಮರಳುತ್ತಿತ್ತು.

ಕೆಲಸ ಹೇಗೆ ನಡೆಯುತ್ತದೆ ಎನ್ನುವುದನ್ನು ತುಸು ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಬೆಲೆಯ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ.

ಒಂಟೆಯನ್ನು ಕೂರಿಸಿ, ಮುಂಗಾಲನ್ನು ಮೊಣಕಾಲಿನ ಬಳಿ ಮಡಿಸಿ ಕಟ್ಟುತ್ತಾರೆ. ಒಬ್ಬ ಮೂಗುದಾರ ಹಿಡಿದು ಮಾತಾಡಿಸುತ್ತಿರುತ್ತಾನೆ, ಇನ್ನೊಬ್ಬ ಕತ್ತರಿ ಆಡಿಸುತ್ತಾನೆ. ಡುಬ್ಬ, ಕತ್ತು, ಹೆಗಲು — ಕೂದಲು ದಟ್ಟವಾಗಿರುವುದು ಇಲ್ಲಿ; ಪಕ್ಕೆಯಲ್ಲಿ ಅಷ್ಟಕ್ಕಷ್ಟೆ. ಕೌಶಲವಿರುವವನು ಎಲ್ಲವನ್ನೂ ಬೋಳಿಸದೆ ಅಲ್ಲಲ್ಲಿ ಉಳಿಸಿ ಹೂಬಳ್ಳಿ, ನವಿಲು ಮೂಡಿಸುತ್ತಾನೆ. ಬಿಕಾನೇರಿನ ಒಂಟೆ ಉತ್ಸವದಲ್ಲಿ ಇದಕ್ಕೆ ಸ್ಪರ್ಧೆಯೇ ಉಂಟು. ಒಂದು ದೊಡ್ಡ ಒಂಟೆಯಿಂದ ವರ್ಷಕ್ಕೆ ಸಿಗುವುದು ಒಂದು ಕಿಲೋ ಆಸುಪಾಸು, ಅನೇಕ ಸಲ ಅದಕ್ಕೂ ಕಡಿಮೆ. ಅದರಲ್ಲೂ ಮರಳು, ಮುಳ್ಳು, ಒಣಗಿದ ಎಲೆ. ಕೋಲಿನಿಂದ ಬಡಿದು, ಕೈಯಿಂದ ಬಿಡಿಸಿ ಹಸನು ಮಾಡಿದಾಗ ಇನ್ನಷ್ಟು ಕರಗುತ್ತದೆ. ಕರುವಿನ ಮೊದಲ ಕೂದಲು ಎಲ್ಲಕ್ಕಿಂತ ಮೃದು, ಅದನ್ನು ಬೇರೆ ಇಡುತ್ತಾರೆ.

ನೂಲುವವರು ಗಂಡಸರು. ಇದು ನಮ್ಮ ಕಡೆಯವರಿಗೆ ಸೋಜಿಗ. ಕುರುಬರ ಮನೆಗಳಲ್ಲಿ ಉಣ್ಣೆ ನೂಲುವುದು ಹೆಂಗಸರು, ಮಗ್ಗಕ್ಕೆ ಕೂರುವುದು ಗಂಡಸರು. ರಾಯ್ಕಾ ಗಂಡಸು ಒಂಟೆಯ ಹಿಂದೆ ನಡೆಯುತ್ತಲೇ ನೂಲುತ್ತಾನೆ. ಅವನ ಕೈಯಲ್ಲಿರುವುದು ಢೇರಾ: ಅಡ್ಡಡ್ಡ ಜೋಡಿಸಿದ ಎರಡು ಕಡ್ಡಿ, ಅವುಗಳ ನಡುವೆ ಒಂದು ನಿಲುಗಡ್ಡಿ. ಮುಂಗೈಗೆ ಸುತ್ತಿದ ಕೂದಲಿನಿಂದ ಎಳೆ ಎಳೆದು, ಢೇರಾವನ್ನು ಗಿರ್ರೆಂದು ತಿರುಗಿಸಿ ಬಿಟ್ಟರೆ ಅದು ತನ್ನ ಭಾರಕ್ಕೆ ಇಳಿಯುತ್ತ ಎಳೆಯನ್ನು ಹೊಸೆಯುತ್ತದೆ. ನೆಲ ಮುಟ್ಟುವ ಮುನ್ನ ಎತ್ತಿ, ನೂತದ್ದನ್ನು ಅಡ್ಡಗಡ್ಡಿಗಳಿಗೆ ಸುತ್ತಿ, ಮತ್ತೆ ಬಿಡಬೇಕು. ಕುರಿಯ ಉಣ್ಣೆಯ ಎಳೆಗೆ ಮೀನಿನ ಹುರುಪೆಯಂಥ ಒರಟು ಮೈ ಇರುವುದರಿಂದ ಎಳೆ ಎಳೆಯನ್ನು ಕಚ್ಚಿಕೊಳ್ಳುತ್ತದೆ. ಒಂಟೆ ಕೂದಲಿನ ಹೊರಮೈ ನುಣುಪು, ಜಾರುತ್ತದೆ. ಬಿಗಿಯಾಗಿ ಹುರಿ ಕೊಡದಿದ್ದರೆ ನೂಲು ಬಿಚ್ಚಿಹೋಗುತ್ತದೆ, ಹೆಚ್ಚಾದರೆ ಸುರುಳಿಗಟ್ಟುತ್ತದೆ. ಅದಕ್ಕೇ ಮೇಕೆ ಕೂದಲನ್ನೋ ಕುರಿ ಉಣ್ಣೆಯನ್ನೋ ಬೆರೆಸುವುದು ಹಿಂದಿನಿಂದ ಬಂದ ರೂಢಿ. ಬೆರಕೆ ಎಂದರೆ ಮೋಸ ಎಂದುಕೊಳ್ಳುವ ಪೇಟೆಯ ಗಿರಾಕಿಗೆ ಇದನ್ನು ತಿಳಿಹೇಳಬೇಕಾಗುತ್ತದೆ. ಬಿಕಾನೇರಿನಲ್ಲಿ 1984ರಿಂದ ಇರುವ ರಾಷ್ಟ್ರೀಯ ಒಂಟೆ ಸಂಶೋಧನಾ ಕೇಂದ್ರವೂ ಬೇರೆ ಬೇರೆ ನಾರುಗಳ ಜೊತೆ ಒಂಟೆ ಕೂದಲನ್ನು ಬೆರೆಸಿ ನೋಡುತ್ತಲೇ ಬಂದಿದೆ.

ನೂತ ಮೇಲೆ ನೂಲು ಮೇಘವಾಲರ ಮಗ್ಗಕ್ಕೆ ಹೋಗುತ್ತದೆ. ಬಾಖಲ್ ಎನ್ನುವ ದಪ್ಪ ಹಾಸುಗಳು, ಬಾಡಮೇರ್-ಜೈಸಲ್ಮೇರ್ ಕಡೆಯ ಜಟ್ ಪಟ್ಟಿಗಳು ಅಲ್ಲಿ ಹುಟ್ಟುತ್ತವೆ. ಕಚ್ಛದಲ್ಲಿ ರಬಾರಿಗೂ ವಣಕರ್ ನೇಕಾರನಿಗೂ ತಲೆಮಾರುಗಳ ಒಪ್ಪಂದವಿತ್ತು. ಉಣ್ಣೆ ಕೊಟ್ಟು ಹೊದಿಕೆ ಪಡೆಯುವುದು, ಹಾಲು-ತುಪ್ಪದ ಲೆಕ್ಕವೂ ಅದರಲ್ಲೇ. ಗಿರಣಿಯ ಅಕ್ರಿಲಿಕ್ ನೂಲು ಬಂದಮೇಲೆ ನೇಕಾರ ಪೇಟೆಗೆ ನೇಯತೊಡಗಿದ, ರಬಾರಿ ಪೇಟೆಯಿಂದ ಕೊಳ್ಳತೊಡಗಿದ. ಇಬ್ಬರೂ ಒಬ್ಬರಿಗೊಬ್ಬರು ಬೇಡವಾದರು. ಈ ಮುರಿದ ಜೋಡಿಯನ್ನು ಮತ್ತೆ ಕೂಡಿಸುವುದು ಒಂಟೆ ಉಣ್ಣೆಯ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಸಂಗತಿ.

ಮಗ್ಗವೇ ಬೇಡದ ಇನ್ನೊಂದು ಕಸುಬಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ಒಂಟೆಯ ಹೊಟ್ಟೆಯ ಸುತ್ತ ಜೀನನ್ನು ಬಿಗಿಯುವ ಪಟ್ಟಿಗೆ ತಂಗ್ ಎನ್ನುತ್ತಾರೆ. ಮೊದಲು ನಾಲ್ಕು ಎಳೆಯ ಹುರಿಗಳನ್ನು ಹೊಸೆದುಕೊಳ್ಳಬೇಕು; ಎರಡು ಎಳೆ ಕಪ್ಪು ಮೇಕೆ ಕೂದಲು, ಎರಡು ಬಿಳಿಯದು. ಇಂಥ ಹತ್ತಿಪ್ಪತ್ತು ಹುರಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು, ಚೂಪಾದ ಕಡ್ಡಿಯಿಂದ ಒಂದು ಹುರಿಯ ನಾಲ್ಕು ಎಳೆಗಳನ್ನು ಎರಡೆರಡಾಗಿ ಸೀಳಿ, ಆ ಕಿಂಡಿಯಲ್ಲಿ ಇನ್ನೊಂದು ಹುರಿಯನ್ನು ತೂರಿಸುವುದು. ಹೀಗೆ ಒಂದರ ಹೊಟ್ಟೆಯಲ್ಲಿ ಒಂದನ್ನು ಹಾಯಿಸುತ್ತ ಹೋದರೆ ಪಟ್ಟಿ ಬೆಳೆಯುತ್ತದೆ. ಹುರಿಯನ್ನು ಕೊಂಚ ತಿರುಗಿಸಿದರೆ ಕಪ್ಪು ಮೇಲೆ, ಇನ್ನೊಂದಿಷ್ಟು ತಿರುಗಿಸಿದರೆ ಬಿಳಿ ಮೇಲೆ. ಆನೆ, ಒಂಟೆ, ಸವಾರ, ಮೆಟ್ಟಿಲು ಮೆಟ್ಟಿಲಾದ ಗೆರೆ — ಎಲ್ಲ ಚಿತ್ತಾರವೂ ಈ ಸಣ್ಣ ತಿರುವಿನ ಫಲ. ಎದುರಿಗೆ ನಕ್ಷೆಯಿಲ್ಲ, ಮಗ್ಗವಿಲ್ಲ; ಒಂದು ತುದಿಯನ್ನು ಕಾಲ ಹೆಬ್ಬೆರಳಿಗೋ ಗೂಟಕ್ಕೋ ಕಟ್ಟಿದರಾಯಿತು. ನೇಯ್ದ ಪಟ್ಟಿಯಲ್ಲಿ ಒಂದು ಎಳೆ ಹರಿದರೆ ಸುತ್ತಲಿನದು ಸಡಿಲಾಗುತ್ತದೆ. ತಂಗಿನಲ್ಲಿ ಹುರಿಗಳು ಒಂದನ್ನೊಂದು ಹಿಡಿದುಕೊಂಡಿರುವುದರಿಂದ ಹಾಗಾಗುವುದಿಲ್ಲ. ಓಡುವ ಒಂಟೆಯ ಮೇಲಿನ ಮನುಷ್ಯನ ಪ್ರಾಣ ಈ ಪಟ್ಟಿಯ ಮೇಲಿರುತ್ತದೆ.

ಪೀಟರ್ ಕಾಲಿಂಗ್‌ವುಡ್ ಎಂಬ ಇಂಗ್ಲಿಷ್ ನೇಕಾರ ಈ ತಂತ್ರವನ್ನು ಬಿಡಿಸಿ, ಅಳೆದು, ಚಿತ್ರ ಹಾಕಿ 1998ರಲ್ಲಿ ದಪ್ಪ ಪುಸ್ತಕ ಬರೆದರು. ಈಗ ಇಂಗ್ಲೆಂಡ್, ಅಮೆರಿಕಗಳಲ್ಲಿ ಹವ್ಯಾಸಿಗಳು ಇದರಲ್ಲಿ ಬುಟ್ಟಿ, ಕೊರಳ ಹಾರ ಮಾಡುತ್ತಾರೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಪಾಠ ಮಾಡಿದ ಎರೋಲ್ ಪಿರೆಸ್ ಹೊಲಿಗೆಯಿಲ್ಲದ ಉಡುಪನ್ನೇ ಇದರಲ್ಲಿ ಹೆಣೆದು ತೋರಿಸಿದರು. ವಿದ್ಯೆ ದೇಶಾಂತರ ಹೋಗಿ ಮಾನ ಪಡೆಯಿತು. ಥಾರ್‌ನಲ್ಲಿ ಮಾತ್ರ, ಸವಾರಿ ಒಂಟೆಯೇ ಇಲ್ಲದ ಮನೆಗೆ ತಂಗ್ ಯಾಕೆ ಬೇಕು? ಬಳಸುವವನಿಲ್ಲದೆ ಗೋಡೆಗೆ ನೇತುಹಾಕಲಿಕ್ಕೆ ಮಾತ್ರ ಉಳಿದ ಕಸುಬು ಎಷ್ಟು ಅಂದವಾಗಿದ್ದರೂ ಸಡಿಲವಾಗುತ್ತ ಹೋಗುತ್ತದೆ ಎನ್ನುವುದು ನನ್ನ ಅನುಭವ. ಅದರ ಗಟ್ಟಿತನವನ್ನು ಪರೀಕ್ಷೆ ಮಾಡುವ ಒಂಟೆ ಇರುವುದಿಲ್ಲ.

ಇನ್ನು ಚುಚ್ಚುವ ವಿಷಯ. ನಾರಿನ ತುದಿ ಸುಮಾರು ಮೂವತ್ತು ಮೈಕ್ರಾನಿಗಿಂತ ದಪ್ಪವಿದ್ದರೆ ನಮ್ಮ ಚರ್ಮಕ್ಕೆ ಚುಚ್ಚಿದ ಹಾಗೆ ಆಗುತ್ತದೆ. ಅದಕ್ಕಿಂತ ತೆಳುವಾದದ್ದು ಬಾಗಿಕೊಳ್ಳುತ್ತದೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಮಂಗೋಲಿಯಾದ ಎರಡು ಡುಬ್ಬದ ಒಂಟೆಯ ಒಳತುಪ್ಪಳ ಇಪ್ಪತ್ತು ಮೈಕ್ರಾನಿನ ಆಸುಪಾಸಿನದು, ಒಂದೊಂದರಿಂದ ಐದು ಕಿಲೋವರೆಗೂ ಕೂದಲು ಸಿಗುತ್ತದೆ. ವಿದೇಶದ ದುಬಾರಿ ಕೋಟುಗಳಲ್ಲಿ ‘ಕ್ಯಾಮೆಲ್ ಹೇರ್’ ಎಂದು ಇರುವುದು ಅದು. ನಮ್ಮಲ್ಲಿ ಆ ಜಾತಿ ಇರುವುದು ಲಡಾಖಿನ ನುಬ್ರಾ ಕಣಿವೆಯಲ್ಲಿ, ಹಳೆಯ ವ್ಯಾಪಾರದ ದಾರಿಯಲ್ಲಿ ಉಳಿದುಕೊಂಡ ಒಂದಿಷ್ಟು. ರಾಜಸ್ಥಾನ, ಕಚ್ಛಗಳದ್ದು ಒಂದು ಡುಬ್ಬದ ಒಂಟೆ. ಅದರ ಕೂದಲು ಒರಟು. ಚುಚ್ಚುತ್ತದೆ. ಇದನ್ನು ಮುಚ್ಚಿಟ್ಟು, ಪ್ರವಾಸಿ ಅಂಗಡಿಗಳಲ್ಲಿ ಬೆಣ್ಣೆಯಂಥ ಶಾಲನ್ನು ‘ಒಂಟೆ ಉಣ್ಣೆ’ ಎಂದು ಮಾರುವುದುಂಟು. ಅಂಥದರಲ್ಲಿ ಒಂಟೆ ಎಷ್ಟಿದೆಯೋ ಪಾಬೂಜಿಯೇ ಬಲ್ಲ. ಒಂದು ಎಳೆ ಕಿತ್ತು ಸುಟ್ಟು ನೋಡಿ ಎಂದು ಕೆಲವರು ಹೇಳಿಕೊಡುತ್ತಾರೆ. ಪ್ಲಾಸ್ಟಿಕ್ಕಿನಂತೆ ಕರಗಿ ಗಂಟಾದರೆ ಅದು ಕೃತಕ, ಕೂದಲು ಸುಟ್ಟ ವಾಸನೆ ಬಂದರೆ ಪ್ರಾಣಿಯದು. ಸರಿ, ಆದರೆ ಯಾವ ಪ್ರಾಣಿ? ಕುರಿ ಸುಟ್ಟರೂ ಅದೇ ವಾಸನೆ. ಅದನ್ನು ಹೇಳಲು ಸೂಕ್ಷ್ಮದರ್ಶಕ ಬೇಕು, ಇಲ್ಲವೇ ನಂಬಬಹುದಾದ ವ್ಯಾಪಾರಿ ಬೇಕು.

ಒರಟು ಕೂದಲಿಗೆ ಒರಟಿನದೇ ಕೆಲಸವಿದೆ. ನೆಲಹಾಸು, ಗೋಡೆಯ ಪಟ್ಟಿ, ಚೀಲ, ಬೆಲ್ಟು, ಮಂಚದ ಹುರಿ, ಕುರ್ಚಿಯ ಹೆಣಿಗೆ. ಬಣ್ಣ ಹಾಕುವ ಗೊಡವೆಯಿಲ್ಲ. ತಿಳಿಗಂದಿನಿಂದ ಕಡುಗಂದಿನವರೆಗೆ ಒಂಟೆಯೇ ಕೊಟ್ಟಿದೆ. ಇದನ್ನು ಕತ್ತಿಗೆ ಸುತ್ತುವ ಮೆತ್ತನೆಯ ವಸ್ತುವಾಗಿ ಮಾಡಲು ರಾಸಾಯನಿಕ ಸುರಿಯುವ ಪ್ರಯತ್ನಗಳು ನನಗೆ ಹಿಡಿಸುವುದಿಲ್ಲ. ನಮ್ಮ ದಖನಿ ಕುರಿಯ ಕಂಬಳಿಗೂ ಇದೇ ಆಯಿತಲ್ಲ: ‘ಚುಚ್ಚುತ್ತೆ’ ಎಂದು ಊರೂರೇ ಅದನ್ನು ಕೈಬಿಟ್ಟಿತು. ಹುಣಸೆ ಬೀಜದ ಸರಿ ಹಾಕಿ ನೇಯ್ದ ಆ ಕಂಬಳಿ ಸೋನೆ ಮಳೆಯನ್ನು ತಡೆಯುತ್ತದೆ ಎಂಬುದು ಕುರಿ ಕಾಯುವವರ ನೆನಪಿನಲ್ಲಿ ಮಾತ್ರ ಉಳಿಯಿತು.

ಈಗ ಲೆಕ್ಕ. 1992ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಒಂಟೆಗಳಿದ್ದವು. 2012ರಲ್ಲಿ ನಾಲ್ಕು ಲಕ್ಷ, 2019ರಲ್ಲಿ ಎರಡೂವರೆ ಲಕ್ಷ. ಏಳು ವರ್ಷದಲ್ಲಿ ಶೇಕಡ 37ರಷ್ಟು ಇಳಿಕೆ. ಒಂದೂ ಬಿಡದೆ ಎಲ್ಲ ಒಂಟೆಗಳ ಕೂದಲು ಕತ್ತರಿಸಿದರೂ ಒಂದಕ್ಕೆ ಒಂದು ಕಿಲೋದಂತೆ ಇನ್ನೂರೈವತ್ತು ಟನ್ ದಾಟುವುದಿಲ್ಲ. ಇದು ಗಿರಣಿಯ ಸರಕಲ್ಲ, ಕೈಯಲ್ಲೇ ನೂತು ಕೈಯಲ್ಲೇ ಮುಗಿಸಬೇಕಾದಷ್ಟು ಸರಕು. ಐದು ಕಿಲೋ ತೂಗುವ ಒಂದು ಹಾಸು ಎಂದರೆ ಆರೇಳು ಒಂಟೆಗಳ ಇಡೀ ವರ್ಷದ ಕೂದಲು. ಮೇಲೆ ಬಡಿದವನ, ನೂತವನ, ನೇಯ್ದವನ ದಿನಗಳು. ಬೆಲೆ ಏಕೆಂದು ಕೇಳಿದವರಿಗೆ ನಾನು ಕೊಡುವ ಉತ್ತರ ಇದು. ಅರ್ಧ ಜನ ಕೇಳಿ ಹೋಗುತ್ತಾರೆ, ಅರ್ಧ ಜನ ಇನ್ನೊಮ್ಮೆ ಮುಟ್ಟಿ ನೋಡುತ್ತಾರೆ.

ಸಾಕುವವನ ಕಡೆಯಿಂದ ನೋಡಿ. ಮೂವತ್ತು ಒಂಟೆಗಳ ಹಿಂಡಿನಿಂದ ಹಸನಾದ ಕೂದಲು ಇಪ್ಪತ್ತು ಇಪ್ಪತ್ತೈದು ಕಿಲೋ ಎಂದಿಟ್ಟುಕೊಳ್ಳೋಣ. ಕಿಲೋಗೆ ಇನ್ನೂರು ರೂಪಾಯಿ ಕೊಟ್ಟರೂ ವರ್ಷಕ್ಕೆ ನಾಲ್ಕೈದು ಸಾವಿರ. ಅದೇ ಹಿಂಡಿನಲ್ಲಿ ಹತ್ತು ಹೆಣ್ಣು ಹಾಲು ಕೊಡುತ್ತಿದ್ದು, ಕರುವಿಗೆ ಬಿಟ್ಟು ತಲಾ ಮೂರು ಲೀಟರು ಕರೆದು, ಲೀಟರಿಗೆ ಐವತ್ತು ರೂಪಾಯಿ ಸಿಕ್ಕರೆ ದಿನಕ್ಕೇ ಒಂದೂವರೆ ಸಾವಿರ. ವರ್ಷದ ಕೂದಲು ಮೂರು ದಿನದ ಹಾಲಿಗೆ ಸಮ. ಇಷ್ಟು ಲೆಕ್ಕ ಹಾಕಿದಮೇಲೂ ‘ಈ ಚೀಲ ಕೊಂಡು ಒಂಟೆ ಉಳಿಸಿ’ ಎಂದು ಬರೆಯಲು ನನಗೆ ಕೈ ಬರುವುದಿಲ್ಲ.

ಒಂಟೆ ಯಾಕೆ ಕಡಿಮೆಯಾಯಿತು ಎಂದರೆ ಟ್ರ್ಯಾಕ್ಟರು, ರಸ್ತೆ ಎಂದು ಎಲ್ಲರೂ ಹೇಳುತ್ತಾರೆ. ನಿಜ. ವಿಮಾನದ ಹಳೆಯ ಟೈರು ಹಾಕಿದ ಒಂಟೆಗಾಡಿಗಳ ಜಾಗಕ್ಕೆ ಪಿಕಪ್ ವ್ಯಾನು ಬಂತು. ಅದರ ಮೇಲೆ ಕಾನೂನಿನ ಕಥೆ ಸೇರಿಕೊಂಡಿತು. 2014ರಲ್ಲಿ ರಾಜಸ್ಥಾನ ಒಂಟೆಯನ್ನು ರಾಜ್ಯಪ್ರಾಣಿಯಾಗಿ ಘೋಷಿಸಿತು. 2015ರ ಕಾಯ್ದೆ ವಧೆಯನ್ನು ನಿಷೇಧಿಸಿತು, ರಾಜ್ಯದ ಹೊರಗೆ ಸಾಗಿಸುವುದಕ್ಕೆ ಕಟ್ಟುಪಾಡು ಹಾಕಿತು. ಉದ್ದೇಶ ಒಳ್ಳೆಯದೇ. ಒಂಟೆ ವಧೆಗೆ ಹೋಗುವುದನ್ನು ರಾಯ್ಕಾಗಿಂತ ಹೆಚ್ಚು ಯಾರೂ ದ್ವೇಷಿಸುವುದಿಲ್ಲ. ಆದರೆ ಗಾಡಿಗೆ, ಹೊಲಕ್ಕೆ ಕೊಳ್ಳುವವರು ಆಗಲೇ ಮಾಯವಾಗಿದ್ದರು. ಹೊರರಾಜ್ಯದ ದಾರಿಯೂ ಮುಚ್ಚಿದಾಗ ಗಂಡು ಒಂಟೆಯ ಬೆಲೆ ನೆಲಕಚ್ಚಿತು. ಗಂಡನ್ನು ಮಾರಿ ಹೆಣ್ಣನ್ನು ಸಾಕುವುದು ಆ ಬದುಕಿನ ಇಡೀ ಲೆಕ್ಕಾಚಾರವಾಗಿತ್ತು. ಹದಿಮೂರು ತಿಂಗಳು ಗರ್ಭ ಹೊತ್ತು ಹೆಣ್ಣೊಂಟೆ ಒಂದು ಕರು ಹಾಕಿದರೆ, ಅದು ಗಂಡಾಗಿದ್ದರೆ, ಸಾಕುವವನು ಏನು ಮಾಡಬೇಕು? ಕರುವಿಗೆ ಹತ್ತು ಸಾವಿರ ರೂಪಾಯಿ ಸಹಾಯಧನದ ಯೋಜನೆ ಬಂತು. ಮೇಯಿಸುವ ಜಾಗದ ಪ್ರಶ್ನೆ ಹಾಗೆಯೇ ಉಳಿಯಿತು. ಗಿರಾಕಿಯ ಮೂರನೆಯ ಪ್ರಶ್ನೆಯ ಬಾಲ ಎಂದೆನಲ್ಲ, ಅದು ಇದೇ. ಕೂದಲಿಗಾಗಿ ಒಂಟೆ ಸಾಯುವುದಿಲ್ಲ. ಅದನ್ನು ಸಾಕುವವನಿಗೆ ದಿನ ದೂಡಲು ದಾರಿ ಇಲ್ಲದೆ ಹಿಂಡು ಕರಗುತ್ತದೆ.

ಮೇಯುವ ಜಾಗವೇ ಮುಖ್ಯ. ಇಂದಿರಾ ಗಾಂಧಿ ಕಾಲುವೆ ನೀರು ತಂದ ಕಡೆ ಹುಲ್ಲುಗಾವಲು ಹೊಲವಾಯಿತು. ಅರಾವಳಿಯ ಕುಂಭಲಗಢ ಅಭಯಾರಣ್ಯದಲ್ಲಿ ಮಳೆಗಾಲದ ಮೇವಿಗೆ ಹೋಗುತ್ತಿದ್ದ ಹಿಂಡುಗಳಿಗೆ ಅಡ್ಡಿ ಬಂತು. ಓರಣ್ ಎಂದು ಕರೆಯುವ ದೇವರ ಕಾಡುಗಳು ಜೈಸಲ್ಮೇರಿನಲ್ಲಿ ಸೌರಫಲಕ ಮತ್ತು ಗಾಳಿಗಿರಣಿಗಳ ಕಂಪನಿಗಳ ಪಾಲಾಗುತ್ತಿವೆ ಎಂದು ಹಳ್ಳಿಯವರು ಹೋರಾಡುತ್ತಿದ್ದಾರೆ. ಸರ್ಕಾರಿ ದಾಖಲೆಯಲ್ಲಿ ಅವುಗಳಲ್ಲಿ ಅನೇಕವು ಬರೀ ಪಾಳುಭೂಮಿ. ಅಲ್ಲಿ ಒಂಟೆ ಕತ್ತೆತ್ತಿ ತಿನ್ನುವ ಖೇಜಡಿ ಬೇರೆ ಯಾವುದೋ ಮರವಲ್ಲ, ವಿಜಯದಶಮಿಯ ದಿನ ನಾವು ಪೂಜಿಸಿ ಎಲೆ ಹಂಚುವ ಬನ್ನಿ. ಕಚ್ಛದ ಕರಾವಳಿಯಲ್ಲಿ ಖಾರಾಯಿ ಎಂಬ ತಳಿಯಿದೆ, 2015ರಲ್ಲಿ ಪ್ರತ್ಯೇಕ ತಳಿಯೆಂದು ಮಾನ್ಯತೆ ಸಿಕ್ಕಿತು. ಅದು ಕಡಲಲ್ಲಿ ಈಜಿಕೊಂಡು ದ್ವೀಪಗಳ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿಗೆ ಹೋಗಿ ಮೇದು ಬರುತ್ತದೆ. ಉಪ್ಪಿನ ಗದ್ದೆಗಳಿಗೆ ಅಡ್ಡಕಟ್ಟೆ ಹಾಕಿ ಕಾಂಡ್ಲಾ ಒಣಗಿಸಿದರೆ ಈಜು ಬಲ್ಲ ಒಂಟೆಗೂ ಹೋಗಲಿಕ್ಕೆ ಜಾಗವಿರುವುದಿಲ್ಲ.

ಹಾಗೆಂದು ಕೈಕಟ್ಟಿ ಕೂರದ ಜನರೂ ಇದ್ದಾರೆ. ಪಾಲಿ ಜಿಲ್ಲೆಯ ಸಾದಡಿಯಲ್ಲಿ 1996ರಿಂದ ಲೋಕಹಿತ ಪಶುಪಾಲಕ ಸಂಸ್ಥಾನ ಕೆಲಸ ಮಾಡುತ್ತಿದೆ. ಹನ್ವಂತ್ ಸಿಂಗ್ ರಾಠೋಡ್ ಮತ್ತು ಜರ್ಮನಿಯಿಂದ ಬಂದು ರಾಯ್ಕಾಗಳ ನಡುವೆ ನೆಲೆಸಿದ ಪಶುವೈದ್ಯೆ ಇಲ್ಸೆ ಕೋಹ್ಲರ್-ರೋಲೆಫ್ಸನ್ ಅದರ ಹಿಂದಿರುವವರು. ಒಂಟೆ ಸಗಣಿಯಿಂದ ಕಾಗದ, ಕೂದಲಿನಿಂದ ಹಾಸು, ಹಾಲಿಗೆ ಸಣ್ಣ ಡೈರಿ — ಒಂಟೆಯ ಯಾವುದನ್ನೂ ಬಿಸಾಡದೆ, ಕೊಲ್ಲದೆ ಬದುಕುವ ದಾರಿ ಹುಡುಕಿದ್ದಾರೆ. ಕಚ್ಛದಲ್ಲಿ ಸಹಜೀವನ್ ಸಂಸ್ಥೆ ಒಂಟೆ ಸಾಕುವವರ ಸಂಘ ಕಟ್ಟಲು ನೆರವಾಯಿತು. ಕಚ್ಛವನ್ನು ನಡುಗಿಸಿದ ಭೂಕಂಪದ ನಂತರ ಅಲ್ಲಿನ ಕುಕ್ಮಾದಲ್ಲಿ ಹುಟ್ಟಿದ ಖಮೀರ್ ಸಂಸ್ಥೆ ನೇಕಾರರನ್ನು ಒಂಟೆ ಉಣ್ಣೆಯ ಕೆಲಸಕ್ಕೆ ಹಚ್ಚಿತು. 2016ರಲ್ಲಿ ಒಂಟೆ ಹಾಲಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ ಮಾನದಂಡ ಬಂದಮೇಲೆ ಸರಹದ್ ಡೈರಿ ಹಾಲು ಕೊಳ್ಳತೊಡಗಿತು, 2019ರಲ್ಲಿ ಅಮುಲ್ ಬಾಟಲಿಯಲ್ಲಿ ಅದು ಅಂಗಡಿಗೆ ಬಂತು. ತಿಂಗಳು ತಿಂಗಳು ದುಡ್ಡು ಕಂಡ ಮನೆಯ ಹುಡುಗರು ಹಿಂಡಿನ ಹಿಂದೆ ನಿಲ್ಲುವ ಯೋಚನೆ ಮಾಡುತ್ತಾರೆ. ಮಗನನ್ನು ಮಾರಿದಂತೆ ಎನ್ನುತ್ತಿದ್ದ ಹಿರಿಯರು ಇದಕ್ಕೆ ಹೇಗೆ ಒಪ್ಪಿದರೋ! ಹಿಂಡೇ ಇಲ್ಲವಾಗುವ ಸಂಕಟದ ಮುಂದೆ ಹಳೆಯ ನಿಷೇಧ ಸಣ್ಣದಾಗಿ ಕಂಡಿರಬೇಕು.

ಹಾಗಾದರೆ ಉಣ್ಣೆಯ ಪಾಲೇನು? ಹಾಲು ದಿನದ ಖರ್ಚಿನ ದುಡ್ಡು. ಆದರೆ ತಂಪಿನ ವ್ಯವಸ್ಥೆ, ಸಂಗ್ರಹದ ಟ್ಯಾಂಕರು ಇರುವ ಊರಿಗಷ್ಟೇ ಆ ದುಡ್ಡು. ಮರುಭೂಮಿಯ ಒಳಗಿನ ಹಳ್ಳಿಯಲ್ಲಿ ಹಾಲು ಸಂಜೆಯೊಳಗೆ ಹುಳಿಯುತ್ತದೆ, ಕೂದಲು ವರ್ಷವಿಟ್ಟರೂ ಹಾಳಾಗದು. ನುಸಿಯಿಂದ ಕಾಪಾಡಿಕೊಂಡರೆ ಸಾಕು. ಹಿಂಡಿನ ಹಿಂದೆ ಓಡಲಾರದ ಮುದುಕನ ಕೈಗೆ ಕೆಲಸವದು. ಗಂಡು ಒಂಟೆಗೆ ಹಾಲಿಲ್ಲ, ಕೂದಲಿದೆ. ಎಲ್ಲಕ್ಕಿಂತ ಮಿಗಿಲಾಗಿ ಬಟ್ಟೆ ದೂರ ಹೋಗುತ್ತದೆ; ಹಾಲಿನ ಬಾಟಲಿ ಖಾಲಿಯಾದಮೇಲೆ ಕಸಕ್ಕೆ, ಹಾಸು ಹಾವೇರಿಯ ಒಂದು ಮನೆಯ ಜಗಲಿಯಲ್ಲಿ ಇಪ್ಪತ್ತು ವರ್ಷ ಬಿದ್ದಿದ್ದು ಬಂದವರಿಂದೆಲ್ಲ ‘ಇದೇನಿದು’ ಎಂದು ಕೇಳಿಸಿಕೊಳ್ಳುತ್ತದೆ. ಆ ಪ್ರಶ್ನೆಗೆ ಮನೆಯವರ ಬಳಿ ಉತ್ತರ ಇರುವಂತೆ ಮಾಡುವುದು ಮಾರುವವನ ಹೊಣೆ.

ನನ್ನ ಮಟ್ಟಿಗೆ ಚೀಟಿಯ ಮೇಲೆ ಬರೆಯುವ ಮಾತನ್ನು ಬದಲಿಸಿಕೊಂಡಿದ್ದೇನೆ. ಕೂದಲು ಯಾವ ಜಿಲ್ಲೆಯ ಹಿಂಡಿನದು, ಬೆರಕೆ ಏನು ಎಷ್ಟು, ನೂತದ್ದು ಕೈಯಲ್ಲೋ ಚರಕದಲ್ಲೋ, ಕೊಟ್ಟ ಹಣದಲ್ಲಿ ಸಾಕುವವನಿಗೆ, ನೂತವನಿಗೆ, ನೇಯ್ದವನಿಗೆ ಸೇರುವುದೆಷ್ಟು ಎಂದು ಬರೆಯುತ್ತೇನೆ. ಚುಚ್ಚುತ್ತದೆ ಎಂದೂ ಬರೆಯುತ್ತೇನೆ. ಕೂದಲನ್ನು ಕಿಲೋ ಲೆಕ್ಕದಲ್ಲಿ ಕೊಳ್ಳುವುದಕ್ಕಿಂತ ನೂತ ನೂಲನ್ನೇ ಕೊಳ್ಳುವುದು ಮೇಲು; ಹೆಚ್ಚುವರಿ ಹಣ ಹಿಂಡಿನ ಮನೆಯಲ್ಲೇ ಉಳಿಯುತ್ತದೆ. ಮುಂಗಡ ಕೊಡಬೇಕಾದ್ದು ಹೋಳಿಗೆ ಮುಂಚೆ. ಕತ್ತರಿಸಿ ಮುಗಿದಮೇಲೆ ಹೋದರೆ ಕೂದಲು ಹಗ್ಗವಾಗಿಯೋ ಕಸವಾಗಿಯೋ ಹೋಗಿರುತ್ತದೆ. ಕಡಿಮೆ ತನ್ನಿ, ಮುಗಿದಾಗ ‘ಮುಗಿಯಿತು, ಮುಂದಿನ ಚೈತ್ರಕ್ಕೆ ಬನ್ನಿ’ ಎನ್ನಿ. ಎರಡೂವರೆ ಲಕ್ಷ ಒಂಟೆಗಳ ದೇಶದಲ್ಲಿ ವರ್ಷವಿಡೀ ದಾಸ್ತಾನು ಇರುವ ಒಂಟೆ ಉಣ್ಣೆಯ ಅಂಗಡಿ ಇದೆಯೆಂದರೆ ನನಗೆ ಅನುಮಾನ ಬರುತ್ತದೆ.

ವಿಶ್ವಸಂಸ್ಥೆ 2024ನ್ನು ಒಂಟೆ ಕುಲದ ಪ್ರಾಣಿಗಳ ವರ್ಷವೆಂದು, 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷವೆಂದು ಸಾರಿತು. ನನಗೆ ಎರಡನೆಯದರ ಮೇಲೆಯೇ ಹೆಚ್ಚು ಭರವಸೆ, ಏಕೆಂದರೆ ಅದು ಪ್ರಾಣಿಯ ಜೊತೆ ಅದರ ಕಾಲ ಕೆಳಗಿನ ನೆಲವನ್ನೂ ಲೆಕ್ಕಕ್ಕೆ ತೆಗೆದುಕೊಂಡಿದೆ. ಓರಣ್‌ಗಳನ್ನು ಪಾಳುಭೂಮಿ ಎನ್ನುವ ಪಟ್ಟಿಯಿಂದ ತೆಗೆಯಬೇಕು ಎಂಬ ಅಲ್ಲಿನವರ ಬೇಡಿಕೆಯನ್ನು ಈ ಹಾಸು ಕೊಳ್ಳುವವರೆಲ್ಲರ ಕಿವಿಗೂ ಹಾಕುತ್ತೇನೆ. ನಮ್ಮ ಗೋಮಾಳಗಳ ಗತಿ ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಿಂದಿನ ಮೇಜಿನ ಮೇಲೆ ನಾಲ್ಕು ಮಾದರಿ ಇಟ್ಟಿದ್ದೇನೆ: ಬಡಿಯದ ಕೂದಲು, ಢೇರಾದಲ್ಲಿ ನೂತ ನೂಲು, ಮೇಕೆ ಕೂದಲು ಬೆರೆಸಿ ನೇಯ್ದ ಒಂದು ತುಂಡು, ಒಂದು ತಂಗ್. ಕೈಯಲ್ಲಿ ಮುಟ್ಟಿದರೆ ಸಾಲದು, ಮೊಣಕೈಯ ಒಳಬದಿಗೆ ಒತ್ತಿ ನೋಡಿ. ಚುಚ್ಚುವುದು ಅಲ್ಲಿ ತಿಳಿಯುತ್ತದೆ. ತಂಗಿನ ಒಂದು ತುದಿಯನ್ನು ಬೇಕೆಂದೇ ಕಟ್ಟದೆ ಬಿಟ್ಟಿದ್ದೇನೆ, ಹುರಿಯೊಳಗೆ ಹುರಿ ಹೋದದ್ದನ್ನು ಬಿಡಿಸಿ ನೋಡಬಹುದು. ಮಕ್ಕಳು ಪೂರ್ತಿ ಬಿಚ್ಚಿಹಾಕಿದರೂ ಅಡ್ಡಿಯಿಲ್ಲ. ಕಂಬಳಿ ಬಲ್ಲ ಹಿರಿಯರು ನೂಲನ್ನು ಪರೀಕ್ಷಿಸಿ, ಹುರಿ ಸಾಕೋ ಸಾಲದೋ ಹೇಳಿದರೆ ಅದನ್ನು ನೂತವರಿಗೆ ಮುಟ್ಟಿಸುತ್ತೇನೆ. ಇನ್ನು ನಿಮ್ಮ ಪ್ರಶ್ನೆಗಳಿಗೆ ಹೊತ್ತು ಬಿಡುತ್ತೇನೆ.